ಕೆರೆಯಾಚೆಗೆ ಹೋಗಿದ್ದ ಲೈನು

ನನಗೆ ಬಾಯಿ ಜಾಸ್ತಿ. ಮದುವೆಗೆ ಮುಂಚೆಯೇ ನಮ್ಮಮ್ಮ ಹುಡುಗನ ಕಡೆಯವರ ಮುಂದೆ ಒಪ್ಪಿಕೊಂಡುಬಿಟ್ಟಿದ್ದಳು: "ಮನಸ್ಸು ಒಳ್ಳೇದು, ಮಾತು ಮಾತ್ರ ಸ್ವಲ್ಪ ಖಾರ." ಮನಸ್ಸಿನ ವಿಚಾರ ನನಗೆ ಅಷ್ಟು ಖಾತ್ರಿಯಿಲ್ಲ. ಮಾತಿನ ವಿಚಾರದಲ್ಲಿ ಅವಳು ಹೇಳಿದ್ದು ಕಡಿಮೆಯೇ ಆಯಿತು. ಆ ಮಾತಿನ ದೆಸೆಯಿಂದ ಒಂದು ಸಂಸಾರ ಇದ್ದ ರೂಮು ಬಿಟ್ಟು ಎದ್ದು ಹೋಗಬೇಕಾಯಿತು, ಆರು ವರ್ಷದ ಹುಡುಗಿಯ ಶಾಲೆ ನಡುವೆಯೇ ನಿಂತಿತು. ಅದನ್ನು ಬರೆಯಲು ಕೂತಿದ್ದೇನೆ. ಬರೆದರೆ ಸರಿಹೋಗುತ್ತದೆ ಅಂತ ಅಲ್ಲ.

ನಾನು ಬೆಳೆದದ್ದು ಜೀವನ್ ಬಿಮಾ ನಗರದಲ್ಲಿ. ಅಪ್ಪ ವಿಮಾ ಕಚೇರಿಯ ಗುಮಾಸ್ತರು. ನನ್ನ ಗಂಡ ಹಲಸೂರಿನವರು, ಶಿವಾಜಿನಗರದ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ ಹತ್ತು ವರ್ಷ ಕೂತು ಕೈ ಪಳಗಿಸಿಕೊಂಡವರು. ತಮಿಳಿನವರು ಬಂದರೆ ತಮಿಳು, ಸಾಬರು ಬಂದರೆ ಉರ್ದು, ನನ್ನ ಮುಂದೆ ಮಾತ್ರ ಮೌನ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ರಾಮಮೂರ್ತಿ ನಗರದಲ್ಲಿ ಒಂದು ಮಳಿಗೆ ಹಿಡಿದು ನಾಲ್ಕು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದೆವು. ಟೆಲಿಫೋನ್ ಲೈನಿನಲ್ಲಿ ಕುಯ್ಯೋ ಮರ್ರೋ ಅಂತ ಗೋಳಾಡಿಕೊಂಡು ಇಂಟರ್ನೆಟ್ ಬರುತ್ತಿದ್ದ ಕಾಲ. ಒಂದು ಫೋಟೋ ಮೇಲಿನಿಂದ ಕೆಳಗೆ ಇಳಿಯುವಷ್ಟರಲ್ಲಿ ಗಿರಾಕಿ ಪಕ್ಕದ ಬೇಕರಿಗೆ ಹೋಗಿ ಟೀ ಕುಡಿದು ಬರಬಹುದಿತ್ತು.

ನಾಲ್ಕೈದು ವರ್ಷದ ಮೇಲೆ ಬ್ರಾಡ್‌ಬ್ಯಾಂಡ್ ಬಂತು. ಇಂದಿರಾನಗರದಂಥ ಕಡೆ ಕಂಪನಿಗಳು ಮನೆಮನೆಗೆ ಬಂದು ಕೈಮುಗಿದು ಕನೆಕ್ಷನ್ ಕೊಡುತ್ತಿದ್ದವು. ನಮ್ಮ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಾಡಿಗೆ ಮನೆಗಳು, ಡ್ರೈವರುಗಳು, ಸಣ್ಣ ವ್ಯಾಪಾರದವರು, ಇವರಿಗೆ ಇಂಟರ್ನೆಟ್ ಯಾಕೆ ಅಂತ. ಆಗ ನನ್ನ ಗಂಡ ಒಂದು ದೊಡ್ಡ ಕಂಪನಿಯಿಂದ ಲೈನು ತಗೊಂಡು, ತಾವೇ ಮಹಡಿಯಿಂದ ಮಹಡಿಗೆ ವೈರು ಎಳೆದು ಹಂಚಲು ಶುರುಮಾಡಿದರು. ಆ ವೈರಿಗೆ ನೂರು ಮೀಟರಿಗಿಂತ ಹೆಚ್ಚು ದೂರ ಹೋಗುವ ದಮ್ಮಿಲ್ಲ. ಅಷ್ಟಷ್ಟು ದೂರಕ್ಕೆ ಒಂದು ಮನೆಯ ಮೇಲೆ, ಲೈನನ್ನು ಮುಂದಕ್ಕೆ ದಾಟಿಸುವ ಒಂದು ಸ್ವಿಚ್ ಡಬ್ಬಿ ಇಡಬೇಕು, ಆ ಡಬ್ಬಿಗೆ ಆ ಮನೆಯವರೇ ಕರೆಂಟು ಕೊಡಬೇಕು. ಅದಕ್ಕೆ ಬದಲಾಗಿ ಅವರಿಗೆ ಕನೆಕ್ಷನ್ ಪುಕ್ಕಟೆ. ಕಾಗದ ಪತ್ರ ಏನೂ ಇಲ್ಲ, ಎಲ್ಲಾ ಬಾಯಿಮಾತು. ಊರಿಗೆ ಹೋಗುವವರು ಅಭ್ಯಾಸಬಲದಿಂದ ಮೇನ್ ಸ್ವಿಚ್ ಆಫ್ ಮಾಡಿ ಹೋದರೆ ಅಲ್ಲಿಂದ ಮುಂದಿನ ಮನೆಗಳಿಗೆಲ್ಲ ಇಂಟರ್ನೆಟ್ ಬಂದ್. ಹೀಗಾಗಿ ಯಾರ ಮನೆಯಲ್ಲಿ ಮದುವೆ, ಯಾರು ತಿರುಪತಿಗೆ ಹೊರಟರು, ಯಾರ ಮಗಳು ಬಾಣಂತನಕ್ಕೆ ಬಂದಳು, ಎಲ್ಲ ನನಗೆ ಗೊತ್ತಿರುತ್ತಿತ್ತು. ಲೈನು ಕಾಯುವುದು ಅಂದರೆ ನೆರೆಹೊರೆ ಕಾಯುವುದೇ ಆಗಿತ್ತು.

ನಮ್ಮವರಿಗೆ ಒಂದು ಹುಚ್ಚು ಹಿಡಿಯಿತು. ಕೆ.ಆರ್. ಪುರದ ಆಚೆ, ಕೆರೆಯ ಆ ದಡದಲ್ಲಿ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ ಯಾರೋ ದಾನಿಗಳು ಎರಡು ಕಂಪ್ಯೂಟರ್ ಕೊಟ್ಟಿದ್ದರು. ಇಂಟರ್ನೆಟ್ ಇಲ್ಲ. ಹೆಡ್‌ಮಾಸ್ಟರು ಅರ್ಜಿ ಹಾಕಿ ಹಾಕಿ ಸಾಕಾಗಿ ನಮ್ಮ ಅಂಗಡಿಗೇ ಬಂದರು. "ನಿಮ್ಮ ವೈರು ನಮ್ಮೂರ್ ತನಕ ಬರಲ್ವಾ ಸ್ವಾಮಿ?" ಅಂದರು. ನನ್ನ ಗಂಡ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಕೆರೆಯ ಮೇಲೆ ವೈರು ಎಳೆಯಲು ಆಗುವುದಿಲ್ಲ, ಆದರೆ ಈ ದಡದಲ್ಲಿ ಎತ್ತರದ ಮಹಡಿಯೊಂದರ ಮೇಲೆ ಜಾಲರಿ ಆಂಟೆನಾ ನಿಲ್ಲಿಸಿ, ಆ ದಡದ ಶಾಲೆಯ ಮೇಲೆ ಇನ್ನೊಂದು ನಿಲ್ಲಿಸಿದರೆ ಗಾಳಿಯಲ್ಲೇ ದಾಟಿಸಬಹುದು ಅಂತ ಲೆಕ್ಕ ಹಾಕಿದರು. ಶಿವಾಜಿನಗರದ ಗುಜರಿಯಿಂದ ಕಬ್ಬಿಣದ ಪೈಪು ತಂದರು. ಅಂಗಡಿಯಿಂದ ಕೆರೆಯವರೆಗೆ ಈ ಲೈನು ಹಿಟ್ಟಿನ ಗಿರಣಿಯ ಮೇಲೆ, ದಿನಸಿ ಅಂಗಡಿಯ ಮೇಲೆ, ಒಂದು ಕಲ್ಯಾಣ ಮಂಟಪದ ಮೇಲೆ ಹಾದು ಹೋಗುತ್ತಿತ್ತು. ಅವರಲ್ಲಿ ಯಾರಿಗೂ ಕಂಪ್ಯೂಟರ್ ಇರಲಿಲ್ಲ, ಪಾಪ, ಸುಮ್ಮನೆ ಕರೆಂಟು ಕೊಟ್ಟರು.

ಕೊನೆಯ ಮಹಡಿ ಮಾತ್ರ ಸಿಗಬೇಕಿತ್ತು. ಕೆರೆ ಎದುರಿಗೆ ಮೂರಂತಸ್ತಿನ ಮನೆ. ಓನರು ಕೆಳಗೆ. ಟೆರೇಸಿನಲ್ಲಿ ಶೀಟು ಹೊದಿಸಿದ ಒಂದೇ ರೂಮು, ಅದರಲ್ಲಿ ಗುಲ್ಬರ್ಗಾ ಕಡೆಯ ಒಂದು ಸಂಸಾರ ಬಾಡಿಗೆಗಿತ್ತು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳು ಎರಡು ಮನೆಯಲ್ಲಿ ಪಾತ್ರೆ ಬಟ್ಟೆ. ಒಬ್ಬಳೇ ಮಗಳು, ಒಂದನೇ ಕ್ಲಾಸು. ಓನರಿಗೆ ನಾವು "ಒಂದು ಪೈಪ್ ನಿಲ್ಲಿಸ್ತೀವಿ ಸಾರ್" ಅಂತ ಮಾತ್ರ ಹೇಳಿದೆವು. ಕರೆಂಟಿನ ಮಾತೆತ್ತಿದರೆ ಬಾಡಿಗೆ ಕೇಳುತ್ತಾನೆ ಅಂತ, ಅದನ್ನು ಅವಳ ಹತ್ತಿರವೇ ಮಾತಾಡಿಕೊಂಡೆವು. ಮಾತಾಡಿದ್ದು ನಾನೇ. ನಿನಗೇನು ಬೇಕು ಅಂತ ಕೇಳಿದೆ.

"ನನಗೇನ್ ಬ್ಯಾಡ್ರಿ ಅಕ್ಕಾರ," ಅಂದಳು. "ನಮ್ ಹುಡುಗಿಗಿ ದಿನಾ ಅರ್ಧಾ ತಾಸು ನಿಮ್ ಕಂಪ್ಯೂಟರ್ ಮುಂದ ಕುಂಡ್ರಸ್ರಿ. ದೊಡ್ಡ ಶಾಲಿಗಿ ಕಳಸಾಕ ನಮ್ ಕೈಲಿ ಆಗಂಗಿಲ್ಲ. ಇಷ್ಟರೇ ಕಲೀಲಿ."

ಹಾಗೆ ಆ ಹುಡುಗಿ ಶಾಲೆ ಬಿಟ್ಟೊಡನೆ ನಮ್ಮ ಅಂಗಡಿಗೆ ಬರತೊಡಗಿದಳು. ಚಪ್ಪಲಿಯನ್ನು ಹೊರಗೆ ಜೋಡಿಸಿ ಬಿಟ್ಟು, ಕೈ ತೊಳೆದು, ಕುರ್ಚಿ ಹತ್ತುತ್ತಿದ್ದಳು, ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಕಂಪ್ಯೂಟರಿನಲ್ಲೇ ಚಿತ್ರ ಬರೆಯುವುದು ಕಲಿಸಿಕೊಟ್ಟೆ. ದಿನಾ ಒಂದೇ ಮನೆ ಬರೆಯುತ್ತಿದ್ದಳು. ಬಾಗಿಲಿಗೆ ಕೆಂಪು ಬಣ್ಣ ಸುರಿಯುವಾಗ ಗೆರೆಯಲ್ಲಿ ಎಲ್ಲೋ ಸಂದಿ ಉಳಿದು ಇಡೀ ಪರದೆ ಕೆಂಪಾಗಿಬಿಡುತ್ತಿತ್ತು. ಆಗ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನನಗೆ ಮಕ್ಕಳಿಲ್ಲ. ಅರ್ಧ ಗಂಟೆ ಅಂದದ್ದು ಒಂದು ಗಂಟೆಯಾದರೂ ನಾನು ಎಬ್ಬಿಸುತ್ತಿರಲಿಲ್ಲ. ಅವರಮ್ಮ ಮಳೆ ಬಂದರೆ ಡಬ್ಬಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು, ಆಂಟೆನಾ ಮೇಲೆ ಕೂತ ಕಾಗೆ ಓಡಿಸುತ್ತಿದ್ದಳು. ಹಳ್ಳಿಯ ಲೈನು ಎಂಟು ತಿಂಗಳು ಒಂದು ದಿನವೂ ನಿಲ್ಲಲಿಲ್ಲ.

ಸುದ್ದಿ ಹಬ್ಬಿತು. ಆ ಹಳ್ಳಿಯ ಆಚೆ ಇನ್ನೂ ಮೂರು ಹಳ್ಳಿಗಳು. ಅಲ್ಲಿನ ಪಂಚಾಯ್ತಿಯವರು, ಹಿರಿಯರು, ಒಂದು ಸಲ ಕಣ್ಣಾರೆ ನೋಡಿ, ಸರಿ ಅನ್ನಿಸಿದರೆ ತಮ್ಮಲ್ಲಿಗೂ ಎಳೆಸಿಕೊಳ್ಳುತ್ತೇವೆ, ಕಂಬ ನಿಲ್ಲಿಸಲು ಜಾಗ ನಾವೇ ಕೊಡುತ್ತೇವೆ ಅಂದರು. ಶಹರದಲ್ಲಿ ಕೊಡುವುದರ ಅರ್ಧ ದರಕ್ಕೆ ಕೊಡಬಹುದು ಅಂತ ನಮ್ಮವರು ಕೂತಲ್ಲಿ ನಿಂತಲ್ಲಿ ಹೇಳತೊಡಗಿದರು. ಹೆಡ್‌ಮಾಸ್ಟರು ಒಳ್ಳೆಯ ದಿನ ನೋಡಿ ವಿಜಯದಶಮಿ ಅಂತ ಗೊತ್ತು ಮಾಡಿದರು. ಶಾಲೆಯ ರೂಮಿನಲ್ಲಿ ಕಾಯಿ ಒಡೆದು, ಎಲ್ಲರಿಗೂ ಇಂಟರ್ನೆಟ್ ತೋರಿಸುವುದು.

ಅದರ ಹಿಂದಿನ ದಿನ ಆಯುಧ ಪೂಜೆ. ಅಂಗಡಿಯಲ್ಲಿ ಕಂಪ್ಯೂಟರುಗಳನ್ನೆಲ್ಲ ಒರೆಸಿ, ವಿಭೂತಿ ಪಟ್ಟೆ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿದೆ. ಬಾಗಿಲಿಗೆ ಬಾಳೆಕಂದು. ಬೂದುಗುಂಬಳ ಒಡೆದು, ಬೀದಿಯ ಮಕ್ಕಳಿಗೆಲ್ಲ ಕಡ್ಲೆಪುರಿ ಹಂಚಿದೆವು. ಅಷ್ಟಾದ ಮೇಲೂ ದೇವರ ಪಟ ಬೋಳು ಬೋಳಾಗಿ ಕಂಡಿತು. ಸೀರಿಯಲ್ ಸೆಟ್ ಹಾಕಿದೆ. ಮಿಣಿಮಿಣಿ ದೀಪಗಳು. ಆಮೇಲೆ ಅಂಗಡಿ ಮುಚ್ಚಿ ಹಬ್ಬಕ್ಕೆ ಜೀವನ್ ಬಿಮಾ ನಗರದ ಅಮ್ಮನ ಮನೆಗೆ ಹೋದೆವು.

ಮಾರನೇ ದಿನ ನಮ್ಮವರು ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಹಳ್ಳಿಗೆ ಹೋದರು. ಹನ್ನೊಂದು ಗಂಟೆಗೆ ಅವರ ಫೋನು. ಧ್ವನಿಯೇ ಅವರದಲ್ಲ ಅನ್ನುವ ಹಾಗಿತ್ತು.

"ಲೈನ್ ಇಲ್ಲ ಕಣೇ. ನಿನ್ನೆಯಿಂದ ಇಲ್ವಂತೆ. ಇಲ್ಲಿ ಎಲ್ಲಾ ಸರಿಯಿದೆ. ಇಪ್ಪತ್ತು ಜನ ಬಂದು ಕೂತವ್ರೆ. ನೀನು ಒಂಚೂರು ಅಂಗಡಿ ನೋಡ್ಕೊಂಡು ಆ ಟೆರೇಸ್ ಮನೆಗೆ ಹೋಗು. ನಾನು ಇವ್ರನ್ನ ಹೆಂಗಾದ್ರೂ ಕೂರಿಸ್ಕೊಂಡಿರ್ತೀನಿ."

ಆಟೋ ಹಿಡಿದು ಅಂಗಡಿಗೆ ಬಂದೆ. ಷಟರ್ ಎತ್ತಿದರೆ ಎಲ್ಲ ಇದ್ದ ಹಾಗೇ ಇದೆ, ಕರೆಂಟು ಇದೆ, ಸೀರಿಯಲ್ ಸೆಟ್ ಮಿನುಗುತ್ತಿದೆ. ಇಲ್ಲೇನೂ ತೊಂದರೆಯಿಲ್ಲ ಅಂದುಕೊಂಡೆ. ಹೇಗೂ ಬಂದಿದ್ದೇನಲ್ಲ, ಇಡೀ ರಾತ್ರಿ ಉರಿದಿದೆ, ಸಾಕು ಅಂತ ಸೀರಿಯಲ್ ಸೆಟ್ಟಿನ ಪ್ಲಗ್ಗು ಕಿತ್ತು, ಅಲ್ಲೇ ಬಿದ್ದಿದ್ದ ಕಪ್ಪು ಅಡಾಪ್ಟರನ್ನು ಆ ಜಾಗಕ್ಕೆ ಚುಚ್ಚಿದೆ. ಅಂಥವು ಟೇಬಲ್ಲಿನ ಕೆಳಗೆ ಹತ್ತಾರು ಇದ್ದವು. ಕೈ ಆ ಕೆಲಸ ಮಾಡುತ್ತಿತ್ತು, ಮನಸ್ಸು ಆಗಲೇ ಆ ಟೆರೇಸ್ ಹತ್ತಿತ್ತು. ಅಲ್ಲಿಂದ ಹೆಚ್ಚುಕಡಿಮೆ ಓಡುತ್ತಲೇ ಹೋದೆ.

ಮೂರು ಮಹಡಿ ಹತ್ತಿ ನೋಡಿದರೆ, ನಮ್ಮ ಸ್ವಿಚ್ ಡಬ್ಬಿಗೆ ಅರಿಶಿನ ಕುಂಕುಮ. ಮೇಲೊಂದು ಚೆಂಡುಹೂ. ಪಕ್ಕದಲ್ಲಿ ಊದುಬತ್ತಿಯ ಬೂದಿ. ನನಗೆ ತಕ್ಷಣ ಎಲ್ಲ ಅರ್ಥವಾಗಿಹೋಯಿತು. ಅರ್ಥವಾಯಿತು ಅಂದುಕೊಂಡೆ. ಆಯುಧ ಪೂಜೆಯ ದಿನ ಆಯುಧಕ್ಕೆ ಕೆಲಸ ಹೇಳಬಾರದು ಅಂತ ನಮ್ಮಲ್ಲೂ ಉಂಟು. ಹೊಲಿಗೆ ಮಿಷನ್ನು ತುಳಿಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಇವಳು ಡಬ್ಬಿಗೂ ರಜಾ ಕೊಟ್ಟಿದ್ದಾಳೆ.

"ಏನೇ ಮಾಡಿದೆ ಇದನ್ನ? ಆಫ್ ಮಾಡಿದ್ಯಲ್ಲಾ?" ಅಂದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಇಲ್ರಿ ಅಕ್ಕಾರ. ಹೂ ಇಟ್ಟೀನಿ, ಕುಂಕುಮ ಹಚ್ಚೀನಿ, ಅಷ್ಟ. ಗ್ವಾಡಿ ಮ್ಯಾಲಿನ ಬಟನ್‌ಗಿ ನಾ ಕೈ ಹಚ್ಚಿಲ್ರಿ. ದೀಪ ಹತ್ಯಾವ ನೋಡ್ರಿ."

ದೀಪ ಉರಿಯುತ್ತಿತ್ತು. ಅದೇ ಹೊತ್ತಿಗೆ ನನ್ನ ಮೊಬೈಲು ಬಡಿದುಕೊಂಡಿತು. "ಲೈನ್ ಬಂತು ಕಣೇ," ಅಂದರು ನಮ್ಮವರು. "ಆದ್ರೆ ಎಲ್ಲಾ ಎದ್ದು ಹೋದ್ರು. ವಿಜಯದಶಮಿ ದಿನವೇ ಹಿಂಗಾದ್ಮೇಲೆ ಬ್ಯಾಡ ಬಿಡಿ ಅಂದ್ಬಿಟ್ರು."

ನನಗೆ ಇನ್ನೇನು ಸಾಕ್ಷಿ ಬೇಕಿತ್ತು? ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿ ಇವಳು ಓಡಿಹೋಗಿ ಆನ್ ಮಾಡಿದ್ದಾಳೆ. ಆಮೇಲೆ ನನ್ನ ಬಾಯಿಂದ ಏನೇನು ಬಂತೋ ಎಲ್ಲ ಬರೆಯಲು ನಾಚಿಕೆಯಾಗುತ್ತದೆ. ಕಳ್ಳಿ ಅಂದೆ. ತಿಂದ ಮನೆಗೆ ಎರಡು ಬಗೆಯುವವಳು ಅಂದೆ. "ನಿಮ್ ಕಡೆಯವರಿಗೆ ಒಳ್ಳೇದು ಮಾಡಕ್ ಹೋಗ್ಬಾರ್ದು" ಅಂತಲೂ ಅಂದೆ. ಆ ಮಾತು ನನ್ನ ಕಿವಿಗೇ ಬೇಡವಾಗಿ ಕೇಳಿಸುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಗದ್ದಲ ಕೇಳಿ ಓನರು ಮೇಲೆ ಬಂದ.

"ಅಂದ್ರೆ ಇದಕ್ಕೆ ಕರೆಂಟು ನಮ್ಮನೇದಾ?" ಅಂತ ಅವಳನ್ನು ಕೇಳಿದ. "ಯಾರನ್ನ ಕೇಳಿ ಕೊಟ್ಟೆ?"

ಕೇಳದೆ ತಗೊಂಡವಳು ಅಲ್ಲೇ ನಿಂತಿದ್ದೆ. ಬಾಯಿ ಜಾಸ್ತಿ ಇರುವವಳು ಆಗ ಮಾತ್ರ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಇಳಿದೆ.

ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಓನರು ಹೇಳಿದನಂತೆ. ಎರಡು ದಿನ ಬಿಟ್ಟು ಅವಳು ಅಂಗಡಿಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರ ನಿಂತಳು. "ಅಕ್ಕಾರ, ನೀವೊಂದ್ ಮಾತ್ ಹೇಳ್ರಿ ಅವರಿಗಿ. ಹುಡುಗಿ ಪರೀಕ್ಷಾ ಮುಗಿಯೋತನ ಇರಲಿ ಅಂತ. ನಿಮ್ ಮಾತು ಕೇಳ್ತಾರ. ಬ್ಯಾರೆ ಕಡಿ ಇಷ್ಟ್ ಕಡಿಮಿ ಬಾಡಿಗಿಗಿ ರೂಮ್ ಸಿಗಂಗಿಲ್ಲ."

"ನೋಡೋಣ," ಅಂದೆ.

ನೋಡಲಿಲ್ಲ. ಓನರ ಮನೆ ನಮ್ಮ ಅಂಗಡಿಯಿಂದ ಹತ್ತು ನಿಮಿಷದ ದಾರಿ. ನಾನು ಬೇಕಂತಲೇ ಆ ಬೀದಿ ತಪ್ಪಿಸಿ ಬೇರೆ ದಾರಿಯಲ್ಲಿ ತರಕಾರಿಗೆ ಹೋದೆ. ಅವಳು ತಪ್ಪು ಮಾಡಿದ್ದಾಳೆ, ಅನುಭವಿಸಲಿ ಅನ್ನುವ ಹಟ. ಇನ್ನೂ ನಿಜ ಹೇಳಬೇಕೆಂದರೆ, ಓನರ ಮುಂದೆ ನಿಂತರೆ ಕರೆಂಟಿನ ಮಾತು ನನ್ನ ತಲೆಗೇ ಬರುತ್ತದೆ ಅನ್ನುವ ಭಯ. ತಿಂಗಳ ಕೊನೆಗೆ ಅವರು ಹೋದರು. ಪೈಪು, ಆಂಟೆನಾ ಎಲ್ಲ ಕಿತ್ತುಕೊಂಡು ಹೋಗಿ ಅಂತ ಓನರು ನಮಗೂ ಹೇಳಿದ. ಬೇರೆ ಎತ್ತರದ ಮಹಡಿ ಕೆರೆಯ ಈ ಬದಿಯಲ್ಲಿ ಸಿಗಲಿಲ್ಲ. ಹಳ್ಳಿಯ ಲೈನು ಅಲ್ಲಿಗೆ ಮುಗಿಯಿತು. ಹೆಡ್‌ಮಾಸ್ಟರು ಒಂದೆರಡು ಸಲ ಫೋನು ಮಾಡಿದರು, ಆಮೇಲೆ ವರ್ಗವಾಗಿ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಾನು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ, ಯಾರಿಂದ ಅನ್ನುವುದನ್ನೂ ಸೇರಿಸಿ.

ಮುಂದಿನ ವರ್ಷದ ಆಯುಧ ಪೂಜೆ. ಕಂಪ್ಯೂಟರುಗಳಿಗೆ ಹೂ ಮುಡಿಸಿ ಆಯಿತು. ಸೀರಿಯಲ್ ಸೆಟ್ಟಿಗೆ ಜಾಗ ಹುಡುಕುತ್ತಾ ಟೇಬಲ್ಲಿನ ಕೆಳಗೆ ಬಗ್ಗಿದೆ. ಎಲ್ಲ ಪಾಯಿಂಟೂ ಭರ್ತಿ. ಗೋಡೆ ಕಡೆಯ ಕೊನೆಯ ಪಾಯಿಂಟಿನ ಅಡಾಪ್ಟರಿಗೆ ಕೈ ಹಾಕಿದೆ, ಕಿತ್ತೆ. ಕೈಗೆ ಆ ಚಲನೆ ಪರಿಚಿತ ಅನ್ನಿಸಿತು. ಹೋದ ವರ್ಷವೂ ಇದೇ ಪಾಯಿಂಟು, ಇದೇ ಕಪ್ಪು ಅಡಾಪ್ಟರು. ತಿರುಗಿಸಿ ನೋಡಿದೆ. ಗೋಡೆಯ ಕಡೆಗಿದ್ದ ಮೈಗೆ ಬಿಳಿ ಟೇಪು ಅಂಟಿಸಿ, ನಮ್ಮವರು ಬಾಲ್‌ಪೆನ್ನಿನಲ್ಲಿ ಬರೆದಿದ್ದರು: ಹಳ್ಳಿ ಲೈನು, ತೆಗೀಬೇಡಿ.

ಹಳ್ಳಿ ಕಡೆಗೆ ಹೋಗುವ ವೈರಿಗೆ ಅವರು ಅಂಗಡಿಯಲ್ಲಿ ಬೇರೆಯೇ ಡಬ್ಬಿ ಇಟ್ಟಿದ್ದರು, ಈ ಅಡಾಪ್ಟರು ಅದರದು. ಅದಕ್ಕೇ ರಾಮಮೂರ್ತಿ ನಗರದ ಯಾವ ಗಿರಾಕಿಯೂ ಅವತ್ತು ದೂರು ಹೇಳಿರಲಿಲ್ಲ. ಸೀರಿಯಲ್ ಸೆಟ್ಟಿಗೆ ಜಾಗ ಮಾಡಲು ನಾನು ಅಡಾಪ್ಟರು ಕಿತ್ತಾಗ ಲೈನು ಹೋಗಿದೆ, ಮಾರನೇ ದಿನ ನಾನು ಚುಚ್ಚಿದಾಗ ಬಂದಿದೆ. ಮೂರು ಮಹಡಿ ಹತ್ತಿ ಹೋಗಿ ಬೈದು ಬಂದಿದ್ದೇನೆ. ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗಾದರೂ ತಾನು ತಿಂದದ್ದು ಗೊತ್ತಿತ್ತು. ನನಗೆ ಅದೂ ಗೊತ್ತಿರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಆ ಅಡಾಪ್ಟರನ್ನು ತಿರುಗಿಸಿ ತಮ್ಮದೇ ಅಕ್ಷರ ಓದಿದರು. "ಹಬ್ಬದ ದಿನ, ಬಿಡು," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅವಳನ್ನು ಹುಡುಕಿದೆ. ಅವಳು ಕೆಲಸಕ್ಕೆ ಹೋಗುತ್ತಿದ್ದ ಎರಡೂ ಮನೆಯಲ್ಲಿ ಕೇಳಿದೆ, ಬಾಣಸವಾಡಿ ಕಡೆ ಹೋದರು ಅಂದರು. ಅಲ್ಲಿ ಕಟ್ಟುತ್ತಿದ್ದ ಕಟ್ಟಡಗಳ ಶೆಡ್ಡುಗಳ ಮುಂದೆ ನಿಂತು ಗುಲ್ಬರ್ಗಾದವರು ಇದ್ದಾರಾ ಅಂತ ಕೇಳಿದೆ. ಎಲ್ಲ ಶೆಡ್ಡಿನಲ್ಲೂ ಇದ್ದರು. ಅವಳು ಇರಲಿಲ್ಲ.

ಮೂರು ವರ್ಷದ ಮೇಲೆ ಕೆ.ಆರ್. ಪುರದ ಸಂತೆಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದೆ. "ಅಕ್ಕಾರ, ಆರಾಮ್ ಅದೀರಿ?" ಅಂತ ಹಿಂದಿನಿಂದ ಯಾರೋ ಕೇಳಿದರು. ತಿರುಗಿದರೆ ಅವಳೇ. ಬಡವಾಗಿದ್ದಳು. ನಾನು ಅಷ್ಟು ಬೈದದ್ದಕ್ಕೆ ಮುಖ ತಿರುಗಿಸಿಕೊಂಡು ಹೋಗಬಹುದಿತ್ತು, ಅವಳಾಗಿಯೇ ಮಾತಾಡಿಸಿದಳು. ಮಗಳು ಎಲ್ಲಿ ಅಂತ ಕೇಳಿದೆ.

"ಊರಾಗ ಬಿಟ್ಟೀವ್ರಿ, ನಮ್ಮವ್ವನ ಬಲ್ಲಿ. ಆ ರೂಮ್ ಬಿಟ್ ಮ್ಯಾಲ ಶೆಡ್ಡಿನ್ಯಾಗ ಇದ್ದೆವ್ರಿ. ಅಲ್ಲಿ ಹೆಣ್ ಹುಡುಗಿಗಿ ಹ್ಯಾಂಗ್ ಇಟ್ಕೊಳ್ಳದು? ಆ ವರ್ಷ ಶಾಲಿನೂ ಹೋಯ್ತು." ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು: "ನಿಮ್ ಮ್ಯಾಲ ನನಗ ಸಿಟ್ಟಿಲ್ರಿ. ನೀವು ಹೋದ್ ಮ್ಯಾಲ ನಾ ವಿಚಾರ ಮಾಡ್ದೆ. ನಾ ಮುಟ್ಟಿಲ್ಲ ಅಂದ್ರ ನಮ್ ಹುಡುಗಿನೇ ಮುಟ್ಟಿರಬೇಕು. ಬಡದೆ ನೋಡ್ರಿ ಅವತ್ತ, ಲಟ್ಟಣಿಗಿ ತಗೊಂಡು. ಹೂಂ ಅಂತ ಒಪ್ಪೋತನ ಬಿಡಲಿಲ್ಲ."

ಸೊಪ್ಪಿನವಳು ಎಷ್ಟು ಕಟ್ಟು ಅಂತ ಕೇಳುತ್ತಿದ್ದಳು. ಅಲ್ಲೇ, ಆ ಜನರ ನಡುವೆ, ಎಲ್ಲ ಹೇಳಿದೆ. ಸೀರಿಯಲ್ ಸೆಟ್ಟು, ಅಡಾಪ್ಟರು, ಟೇಪಿನ ಮೇಲಿನ ಅಕ್ಷರ. ನೀನೂ ಅಲ್ಲ, ಮಗುವೂ ಅಲ್ಲ, ನಾನು ಅಂದೆ. ಅವಳು ಚೀಲವನ್ನು ಕೆಳಗಿಟ್ಟಳು. ಕುಪ್ಪಸದಿಂದ ಒಂದು ಸಣ್ಣ ಮೊಬೈಲು ತೆಗೆದಳು.

"ನನಗ ಹೇಳಿ ಏನ್ ಮಾಡ್ತೀರಿ?" ಅಂದಳು. "ಆಕಿಗಿ ಹೇಳ್ರಿ."

ಫೋನು ನನ್ನ ಕಿವಿಗೆ ಹಿಡಿದಳು. ಆ ಕಡೆ ಮೊದಲು ಅಜ್ಜಿ, ಆಮೇಲೆ ಹುಡುಗಿ. ಧ್ವನಿ ದೊಡ್ಡದಾಗಿತ್ತು, ನನ್ನ ನೆನಪು ಅವಳಿಗೆ ಇತ್ತು. "ಚಿತ್ರದ ಅಕ್ಕಾರ ಹೌದಿಲ್ರಿ?" ಅಂದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವತ್ತು ಲೈನು ನಿಲ್ಲಿಸಿದ್ದು ನಾನು, ನೀನಲ್ಲ ಮಗು, ನಿನ್ನದೇನೂ ತಪ್ಪಿಲ್ಲ, ಸುಮ್ಮಸುಮ್ಮನೆ ಏಟು ತಿಂದೆ.

ಆ ಕಡೆಯಿಂದ ಅವಳು ಬಹಳ ಮರ್ಯಾದೆಯಿಂದ ಹೇಳಿದಳು, "ಇಲ್ರಿ ಅಕ್ಕಾರ. ನಾನೇ ಬಂದ್ ಮಾಡಿದ್ದು. ನನಗ ಚೊಲೋ ನೆನಪದ. ಕೆಂಪ್ ಗುಂಡಿ ಒತ್ತಿದ್ದೆ."

ಆ ಡಬ್ಬಿಯಲ್ಲಿ ಗುಂಡಿಯೇ ಇರಲಿಲ್ಲ, ಕೆಂಪೂ ಇಲ್ಲ ಹಸಿರೂ ಇಲ್ಲ. ಹಾಗಂತ ಹೇಳಿದೆ. ಇನ್ನೊಂದು ಸಲ ಹೇಳಿದೆ.

"ಸಣ್ಣಾಕಿ ಇದ್ದೆ, ತಿಳೀಲಿಲ್ರಿ," ಅಂದಳು. "ನಿಮ್ದು ಭಾಳ ಲುಕ್ಸಾನ್ ಆಯ್ತಂತ. ತಪ್ಪಾಯ್ತ್ರಿ ಅಕ್ಕಾರ."

ಫೋನನ್ನು ಅವರಮ್ಮನ ಕೈಗೆ ಕೊಟ್ಟೆ.

"ಹೇಳಿದ್ರೇನ್ರಿ?" ಅಂದಳು.

"ಹೇಳಿದೆ," ಅಂದೆ. "ನಂಬಲಿಲ್ಲ."